ಮೊಟ್ಟೆ, ಹಾಲು, ತೂಕ ಎಲ್ಲಕ್ಕೂ ಲೆಕ್ಕ ಇದೆ, ಮಗು ಜೊತೆ ಮಾತಾಡಿದ್ದಕ್ಕೆ ಲೆಕ್ಕ ಎಲ್ಲಿದೆ?

ಅಂಗಳದಕ್ಕ

ಎಲ್ರಿಗೂ ನಮಸ್ಕಾರ. ನಾನು ತಿ. ನರಸೀಪುರ ಕಡೆ ಅಂಗನವಾಡಿ ಟೀಚರ್. 1975ರ ಅಕ್ಟೋಬರ್ 2ಕ್ಕೆ ದೇಶದಲ್ಲಿ 33 ಕಡೆ ಐಸಿಡಿಎಸ್, ಅಂದ್ರೆ ಅಂಗನವಾಡಿ ನಡೆಸೋ ಯೋಜನೆ, ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದಿದ್ದು ನಮ್ ತಾಲ್ಲೂಕಿಗೇ, ಆ ಹೆಮ್ಮೆ ನಮಗೆ ಈಗ್ಲೂ ಇದೆ. ಐವತ್ತು ವರ್ಷದಲ್ಲಿ ಕೆಲ್ಸ ತುಂಬಾ ಆಗಿದೆ, ಇಲ್ಲ ಅನ್ನಲ್ಲ. ಆದ್ರೆ ಒಂದು ವಿಷಯ ಬಹಳ ದಿನದಿಂದ ತಲೇಲಿ ಕೊರೀತಿದೆ, ಸ್ವಲ್ಪ ಉದ್ದ ಆಗುತ್ತೆ, ಓದಿ.

ನಾವು ತಿಂಗಳು ತಿಂಗಳು ಮಗು ತೂಕ ಹಾಕ್ತೀವಿ, ಎತ್ತರ ಅಳೀತೀವಿ, ಪೋಷಣ್ ಟ್ರ್ಯಾಕರ್ ಆ್ಯಪಿಗೆ ಏರಿಸ್ತೀವಿ, ಸ್ಯಾಮ್ (ತೀವ್ರ ಅಪೌಷ್ಟಿಕ) ಮಗು ಯಾವ್ದು ಮ್ಯಾಮ್ (ಮಧ್ಯಮ ಅಪೌಷ್ಟಿಕ) ಮಗು ಯಾವ್ದು ಅಂತ ಸೂಪರ್‌ವೈಸರ್ ಕೇಳಿದ ತಕ್ಷಣ ಹೇಳ್ತೀವಿ. ಮೂರು ವರ್ಷ ತುಂಬಿದ್ಮೇಲೆ ಮಗು ಸೆಂಟರ್‌ಗೆ ಬರುತ್ತೆ, ಊಟ ಮೊಟ್ಟೆ ಹಾಡು ಆಟ ಸಿಗುತ್ತೆ. ಮೂರರೊಳಗಿನ ಕೂಸಿಗೆ? ಆಹಾರದ ಪ್ಯಾಕೆಟ್ ಮನೆಗೆ ಹೋಗುತ್ತೆ, ಲಸಿಕೆ ಹಾಕಿಸ್ತೀವಿ, ಅಲ್ಲಿಗೆ ಮುಗೀತು. ಆ ಮನೇಲಿ ಅದರ ಜೊತೆ ಯಾರಾದ್ರೂ ಮಾತಾಡ್ತಾರಾ, ಎತ್ಕೊಂಡು ಆಡಿಸ್ತಾರಾ, ಅಪ್ಪ ಕುಡಿದು ಬಂದ ರಾತ್ರಿ ಅದು ಎಲ್ಲಿ ಹೋಗಿ ಅವಿತ್ಕೊಳ್ಳುತ್ತೆ, ಇದಕ್ಕೆ ಕಾಲಮ್ಮೇ ಇಲ್ಲ.

ಜಮೈಕಾ ದೇಶದ ಕಿಂಗ್‌ಸ್ಟನ್ ಊರಿನ ಬಡ ಕೇರಿಗಳಲ್ಲಿ 1986-87ರಲ್ಲಿ ಒಂದು ಪ್ರಯೋಗ ಮಾಡಿದ್ರು, ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಅನ್ನೋರ ಟೀಮು. ವಯಸ್ಸಿಗೆ ತಕ್ಕ ಎತ್ತರ ಇಲ್ಲದ, 9ರಿಂದ 24 ತಿಂಗಳ 129 ಮಕ್ಕಳನ್ನ ತಗೊಂಡು ನಾಕು ಗುಂಪು ಮಾಡಿದ್ರು. ಒಂದು ಗುಂಪಿಗೆ ವಾರಕ್ಕೆ ಒಂದು ಕೆಜಿ ಹಾಲಿನ ಪುಡಿ. ಇನ್ನೊಂದಕ್ಕೆ ಪುಡಿ ಇಲ್ಲ, ವಾರಕ್ಕೊಂದು ಸಲ ಆರೋಗ್ಯ ಕಾರ್ಯಕರ್ತೆ ಮನೆಗೆ ಹೋಗಿ ಒಂದು ಗಂಟೆ ಕೂತು, ಖಾಲಿ ಡಬ್ಬ ರಟ್ಟು ಬಟ್ಟೇಲಿ ಮಾಡಿದ ಆಟದ ಸಾಮಾನು ಇಟ್ಕೊಂಡು ಅಮ್ಮನಿಗೆ ಮಗು ಜೊತೆ ಆಡೋದು, ಮಾತಾಡೋದು, ಹೊಗಳೋದು ತೋರಿಸಿ ಬರೋಳು. ಮೂರನೇ ಗುಂಪಿಗೆ ಎರಡೂ. ನಾಕನೇದಕ್ಕೆ ಎರಡೂ ಇಲ್ಲ. ಎರಡು ವರ್ಷ ಅಷ್ಟೇ ನಡೆದಿದ್ದು. ಆಮೇಲೆ ಆ ಮಕ್ಕಳನ್ನ ಬಿಡದೇ ಹಿಂಬಾಲಿಸಿದ್ರು. 22 ವರ್ಷಕ್ಕೆ ಬರೋ ಹೊತ್ತಿಗೆ ಹಾಲಿನ ಪುಡಿಯಿಂದ ಆಗಿದ್ದ ಲಾಭ ಕರಗಿಹೋಗಿತ್ತು. ಆಡಿಸಿದ ಮಕ್ಕಳದ್ದು ಉಳಿದಿತ್ತು. ಓದು ಜಾಸ್ತಿ, ದುಡಿಮೆ ಸುಮಾರು 25% ಜಾಸ್ತಿ, ಖಿನ್ನತೆ ಕಡಿಮೆ, ಮತ್ತೆ ನನಗೆ ಮೈ ಜುಂ ಅಂದಿದ್ದು ಇದು ನೋಡಿ, ದೊಡ್ಡ ಹೊಡೆದಾಟಗಳಲ್ಲಿ ಸಿಕ್ಕಿಹಾಕ್ಕೊಂಡಿದ್ದು ಕಡಿಮೆ. ವಾರಕ್ಕೊಂದು ಗಂಟೆ ಬೊಂಬೆ ಇಟ್ಕೊಂಡು ಆಡಿಸಿದ್ದು ಇಪ್ಪತ್ತು ವರ್ಷ ಆದ್ಮೇಲೆ ಬೀದಿ ಜಗಳ ಕಡಿಮೆ ಮಾಡ್ತು.

ನನ್ನ ಮಾತು ಇಷ್ಟೇ. ಊಟ ಬೇಕೇಬೇಕು, ಅದನ್ನ ಕಮ್ಮಿ ಮಾಡಿ ಅಂತ ಯಾರೂ ತಿಳ್ಕೋಬೇಡಿ, ನಮ್ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ಇನ್ನೂ ಕುಳ್ಳಾಗೇ ಇದಾವೆ, 2019-21ರ ಎನ್‌ಎಫ್‌ಎಚ್‌ಎಸ್ (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಲೆಕ್ಕ. ಆದ್ರೆ ಮೊದಲ ಮೂರು ವರ್ಷದಲ್ಲಿ ಮಗೂಗೆ ನೆಚ್ಚಿಕೊಳ್ಳೋಕೆ ಒಂದು ದೊಡ್ಡ ಜೀವ, ಅದರ ಜೊತೆ ಮಾತು ಆಟ, ಇದನ್ನೂ ನಾವು ಊಟದಷ್ಟೇ ಗಟ್ಟಿಯಾಗಿ ಸರ್ಕಾರದ ಕೆಲಸ ಅಂತ ಹಿಡೀಬೇಕು. ನಿಮ್ಮ ಕಡೆ ಹೇಗಿದೆ ಹೇಳಿ.

ಕೆಂಗೇರಿ_ಲೈನ್

ಅಕ್ಕ ನಿಮ್ಮ ಮಾತು ಸರಿ ಆದ್ರೆ ಓದಿ ಹೊಟ್ಟೆ ಉರೀತು. ನಾನು ಗಾರ್ಮೆಂಟ್ಸಲ್ಲಿ ಟೈಲರ್. ಬೆಳಗ್ಗೆ ಮಗು ಏಳೋ ಮುಂಚೆ ಅಡಿಗೆ, ಎಂಟೂವರೆಗೆ ಪಂಚ್, ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್, ಸಂಜೆ ಬಂದಾಗ ಕಾಲು ಊದಿರುತ್ತೆ. ಮಗು ಪಕ್ಕದ ಮನೆ ಅಜ್ಜಿ ಹತ್ರ, ಅವರೋ ಪಾಪ ಮೊಬೈಲ್ ಹಾಕಿಕೊಟ್ಟು ಕೂರಿಸ್ತಾರೆ. ಮಾತಾಡು ಆಡಿಸು ಅಂದ್ರೆ ಯಾವಾಗ ಆಡಿಸ್ಲಿ? ಮೂವತ್ತಕ್ಕಿಂತ ಜಾಸ್ತಿ ಹೆಂಗಸರಿದ್ರೆ ಫ್ಯಾಕ್ಟರಿಲೇ ಕ್ರೆಶ್, ಅಂದ್ರೆ ಕೂಸುಗಳನ್ನ ನೋಡ್ಕೊಳ್ಳೋ ಜಾಗ, ಇರಬೇಕು ಅಂತ ಹಳೇ ಫ್ಯಾಕ್ಟರೀಸ್ ಆಕ್ಟಲ್ಲೇ ಇತ್ತು. ನಾನು ಮೊದಲು ಇದ್ದ ಕಡೆ ಒಂದು ರೂಮಿಗೆ ಬಣ್ಣ ಬಳಿದು ಗೊಂಬೆ ಚಿತ್ರ ಬರೆಸಿದ್ರು, ಬಟ್ಟೆ ಕೊಳ್ಳೋ ಬಯ್ಯರ್ ಕಂಪನಿ ಕಡೆಯೋರು ಆಡಿಟ್‌ಗೆ ಬಂದ ದಿನ ಬೀಗ ತೆಗೆಯೋರು. ಹಾಲು ಕುಡಿಸೋ ಮಗೂನ ಬಸ್ಸಲ್ಲಿ ಆ ರಶ್ಶಲ್ಲಿ ತರೋದು ಹೇಗೆ ಅಂತ ಯಾರೂ ಯೋಚ್ನೆ ಮಾಡಿರ್ಲಿಲ್ಲ. ತಾಯಿ ತಪ್ಪು ತಾಯಿ ತಪ್ಪು ಅಂತ ಕೊನೇಗೆ ನಮ್ಮ ತಲೆಗೇ ಬರುತ್ತೆ ಈ ಮಾತು, ಅದಕ್ಕೇ ಹೇಳ್ದೆ.

ಅಂಗಳದಕ್ಕ

ಇಲ್ಲ ತಂಗಿ, ನಿಮ್ಮ ತಲೆಗೆ ಹಾಕೋಕೆ ಬರ್ಲಿಲ್ಲ. ನಾನೂ ಎರಡು ಮಕ್ಕಳನ್ನ ಸಾಕಿ ಡ್ಯೂಟಿ ಮಾಡ್ದೋಳು. ಜಮೈಕಾದಲ್ಲೂ ಆ ಅಮ್ಮಂದ್ರು ಬಡ ಕೇರಿಯೋರೇ, ಅದಕ್ಕೇ ಹೋಗೋ ಕಾರ್ಯಕರ್ತೆ ಹೊಸ ಟೈಮ್ ಕೇಳ್ತಿರ್ಲಿಲ್ಲ, ಸ್ನಾನ ಮಾಡಿಸುವಾಗ ಕೈ ಎಲ್ಲಿ ಕಾಲೆಲ್ಲಿ ಅಂತ ಕೇಳೋದು, ಬಟ್ಟೆ ಒಗೆಯುವಾಗ ಕೆಂಪು ಬಟ್ಟೆ ಕೊಡು ಅನ್ನೋದು, ಹೀಗೆ ಇರೋ ಕೆಲಸದೊಳಗೇ ಸೇರಿಸಿ ಹೇಳಿಕೊಡೋಳು. ಅದು ಸಣ್ಣ ಪಾಲು. ದೊಡ್ಡ ಪಾಲು ನೀವು ಹೇಳಿದ್ದೇ, ದುಡಿಯೋ ತಾಯಿ ಹತ್ರ ಕೂಸಿನ ಮನೆ ಇಲ್ದೇ ಹೋದ್ರೆ ಬುದ್ಧಿವಾದ ಹೇಳಿ ಏನೂ ಉಪಯೋಗ ಇಲ್ಲ.

ಸೀದಾ_ಮಾತು

ಎಲ್ಲಾ ಸರಿ ಆದ್ರೆ ಸ್ವಲ್ಪ ಜಾಸ್ತಿ ಆಯ್ತು ಅನ್ಸುತ್ತೆ. ನಾವೂ ಅಪ್ಪನ ಹತ್ರ ಬೆಲ್ಟ್ ಏಟು ತಿಂದು ಬೆಳೆದೋರೇ, ಯಾರು ನಮ್ಮ ಜೊತೆ ಕೂತು ಬೊಂಬೆ ಆಡಿಸಿದ್ರು? ಚೆನ್ನಾಗೇ ಇದೀವಲ್ಲ. ಈಗಿನ ಮಕ್ಕಳಿಗೆ ಭಯಾನೇ ಇಲ್ಲ, ಅದಕ್ಕೇ ಕೈ ಮೀರ್ತಿದಾವೆ.

ಅಂಗಳದಕ್ಕ

ಸರ್, ನಿಮಗೆ ಏಟು ಬಿದ್ದ ದಿನ ಅಜ್ಜಿಯೋ ಅಮ್ಮನೋ ಪಕ್ಕಕ್ಕೆ ಕರೆದು ಅನ್ನ ಕಲಸಿ ಕೊಟ್ಟಿರ್ತಾರೆ, ಅದು ಲೆಕ್ಕಕ್ಕೆ ಬರ್ಲಿಲ್ಲ ಅಷ್ಟೇ.

ನಮ್ಮ ಸೆಂಟರಲ್ಲಿ ಒಬ್ಬ ಹುಡುಗ ಬಂದ, ಮೂರು ವರ್ಷ ಆಗ್ತಾನೇ ತುಂಬಿತ್ತು. ಬಂದ ವಾರದಲ್ಲೇ ಅರ್ಧ ಮಕ್ಕಳ ಕೈ ಮೇಲೆ ಹಲ್ಲಿನ ಗುರುತು. ತಾಯಂದ್ರು ಬಂದು ಇವನನ್ನ ಬಿಡಿಸಿ ಇಲ್ಲಾಂದ್ರೆ ನಾವು ಬಿಡಿಸ್ತೀವಿ ಅಂದ್ರು. ಗದರಿಸಿದ್ರೆ ಅಳ್ತಿರ್ಲಿಲ್ಲ, ಎರಡೂ ಕೈ ತಲೆ ಮೇಲೆ ಇಟ್ಕೊಂಡು ಕೂತುಬಿಡೋನು, ಏಟು ಬೀಳುತ್ತೆ ಅಂತ. ಅದನ್ನ ನೋಡಿದ್ಮೇಲೆ ನಾನೂ ಸಹಾಯಕೀನೂ ಮಾತಾಡ್ಕೊಂಡ್ವಿ, ಇವನನ್ನ ಯಾರೂ ಬೈಯೋದು ಬೇಡ. ಊಟದ ಹೊತ್ತಿಗೆ ತಟ್ಟೆ ಹಂಚೋ ಕೆಲಸ ಅವನಿಗೆ ಕೊಟ್ವಿ, ಒಂದೊಂದು ತಟ್ಟೆಗೂ ಮಗು ಹೆಸರು ಹೇಳಿ ಕೊಡಬೇಕು. ಕಚ್ಚೋಕೆ ಬಾಯಿ ತೆಗೆದ ಅಂತ ಗೊತ್ತಾದ್ರೆ ಸಹಾಯಕಿ ಎತ್ಕೊಂಡು ಹೊರಗೆ ಬೇವಿನ ಮರದ ಹತ್ರ ಹೋಗಿ ಸುಮ್ನೆ ನಿಂತ್ಕೊಳ್ಳೋರು, ಉಸಿರು ತಣ್ಣಗಾಗೋವರ್ಗೂ. ತಿಂಗಳುಗಟ್ಲೆ ಹಿಡೀತು. ಈಗ ಬೇರೆ ಮಗು ಹೊಡೆದ್ರೆ ಓಡಿಬಂದು ಹೇಳ್ತಾನೆ, ತಿರುಗಿ ಹೊಡೆಯಲ್ಲ. ಪೂರ್ತಿ ನಿಂತಿದೆ ಅಂತಲ್ಲ, ಮನೇಲಿ ಗಲಾಟೆ ಆದ ಮಾರನೇ ದಿನ ನಮಗೆ ಗೊತ್ತಾಗಿಬಿಡುತ್ತೆ.

ಕೆನಡಾದ ಮಾಂಟ್ರಿಯಲ್‌ನಲ್ಲಿ ರಿಚರ್ಡ್ ಟ್ರೆಂಬ್ಲೆ ಅನ್ನೋರು ವರ್ಷಾನುಗಟ್ಲೆ ಇದನ್ನೇ ನೋಡಿದ್ದು. ಅವರು ಹೇಳೋದೇನಂದ್ರೆ ಮನುಷ್ಯ ಜಾಸ್ತಿ ಕೈ ಎತ್ತೋದು ಇಪ್ಪತ್ತನೇ ವಯಸ್ಸಲ್ಲಲ್ಲ, ಎರಡರಿಂದ ನಾಕು ವರ್ಷದೊಳಗೆ. ಹೊಡೆಯೋದನ್ನ ಯಾರೂ ಕಲಿಸಬೇಕಿಲ್ಲ, ಹೊಡೆಯದೇ ಇರೋದನ್ನ ಕಲಿಸಬೇಕು, ಅದಕ್ಕೆ ಸರಿಯಾದ ವಯಸ್ಸು ಅದೇ. ಅದನ್ನ ಹೊಡೆದು ಕಲಿಸೋಕಾಗುತ್ತಾ ನೀವೇ ಹೇಳಿ.

ಸೀದಾ_ಮಾತು

ಅಜ್ಜಿ ವಿಷಯ ನಿಜ. ನಮ್ಮಜ್ಜಿ ಸೆರಗಿನ ಹಿಂದೇನೇ ಬೆಳೆದಿದ್ದು ನಾನು.

ತುಂಗಾತೀರ

ನಾನು ಮಕ್ಕಳ ಡಾಕ್ಟರ್, ಶಿವಮೊಗ್ಗ. ಒಂದೆರಡು ವಿಷಯ ಸೇರಿಸ್ತೀನಿ.

ಸಣ್ಣ ಕಷ್ಟ ಎಲ್ಲಾ ಮಕ್ಕಳಿಗೂ ಬರುತ್ತೆ, ಬಿದ್ದು ಏಟಾಗುತ್ತೆ, ಇಂಜೆಕ್ಷನ್ ಚುಚ್ತೀವಿ, ಎದೆ ಢವಢವ ಅನ್ನುತ್ತೆ, ಅಮ್ಮ ಎತ್ಕೊಂಡ ತಕ್ಷಣ ಇಳಿದುಹೋಗುತ್ತೆ. ಅದರಿಂದ ಏನೂ ಹಾಳಾಗಲ್ಲ. ತೊಂದರೆ ಇರೋದು ಹೆದರಿಕೆ ದಿನಾ ಇದ್ದು, ಎತ್ಕೊಳ್ಳೋರು ಯಾರೂ ಇಲ್ದೇ ಇದ್ದಾಗ. ಕಾರ್ಟಿಸಾಲ್ ಅನ್ನೋ ಹಾರ್ಮೋನು ಇಳಿಯೋದೇ ಇಲ್ಲ, ನಿದ್ದೆ, ಜೀರ್ಣ, ನೆನಪು, ಸಿಟ್ಟು ತಡ್ಕೊಳ್ಳೋ ಶಕ್ತಿ ಎಲ್ಲದಕ್ಕೂ ಪೆಟ್ಟು. ಕ್ಲಿನಿಕ್‌ಗೆ ಬರುವಾಗ ಮಾತ್ರ ಹೊಟ್ಟೆನೋವು, ತೂಕ ಏರ್ತಿಲ್ಲ ಅಂತ ಬರುತ್ತೆ.

ಯಾರ ಆಸರೆಯೂ ಇಲ್ಲದೇ ಮಕ್ಕಳು ಬೆಳೆದ್ರೆ ಏನಾಗುತ್ತೆ ಅಂತ ರೊಮೇನಿಯಾ ದೇಶ ನೋಡಿ ತಿಳೀಬೇಕು. ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕು 1966ರಲ್ಲಿ ಗರ್ಭಪಾತ ನಿಷೇಧ ಮಾಡಿದ, ಜನಸಂಖ್ಯೆ ಹೆಚ್ಚಲಿ ಅಂತ. ಸಾಕೋಕಾಗದ ಮಕ್ಕಳನ್ನ ಸರ್ಕಾರಿ ಅನಾಥಾಲಯಕ್ಕೆ ಹಾಕಿದ್ರು. 1989ರ ಡಿಸೆಂಬರಲ್ಲಿ ಅವನು ಬಿದ್ದಾಗ ಒಳಗೆ ಲಕ್ಷಕ್ಕಿಂತ ಜಾಸ್ತಿ ಮಕ್ಕಳಿದ್ರು. ಸಾಲು ತೊಟ್ಟಿಲು, ಒಬ್ಬ ಆಯಾಗೆ ಹತ್ತಾರು ಕೂಸು, ಹಾಲಿನ ಬಾಟ್ಲು ಬಾಯಿಗಿಟ್ಟು ಮುಂದಕ್ಕೆ. ಅತ್ರೂ ಯಾರೂ ಬರಲ್ಲ ಅಂತ ಗೊತ್ತಾಗಿ ಅಳೋದನ್ನೇ ಬಿಟ್ಟಿದ್ವು.

2000ದಿಂದ ಬುಕಾರೆಸ್ಟ್‌ನಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಅನ್ನೋ ಮೂರು ಜನ 6ರಿಂದ 31 ತಿಂಗಳ 136 ಮಕ್ಕಳ ಜೊತೆ ಕೆಲಸ ಮಾಡಿದ್ರು. ಚೀಟಿ ಎತ್ತಿದ ಹಾಗೆ ಅರ್ಧ ಮಕ್ಕಳಿಗೆ ಸಾಕು ಮನೆ, ಅರ್ಧ ಮಕ್ಕಳು ಇದ್ದಲ್ಲೇ. ಹಾಗೆ ಬಿಡೋದು ನ್ಯಾಯಾನಾ ಅಂತ ಆಗಿನಿಂದ್ಲೂ ವಾದ ಇದೆ, ಬೇರೆ ದಾರಿಯಲ್ಲಿ ಮನೆ ಸಿಕ್ಕ ಮಕ್ಕಳನ್ನ ಅವರು ತಡೀಲಿಲ್ಲ ಅನ್ನೋದನ್ನೂ ಹೇಳಬೇಕು. ಮನೆ ಸೇರಿದ ಮಕ್ಕಳ ಬುದ್ಧಿ, ಮಾತು, ಜನರನ್ನ ಹಚ್ಕೊಳ್ಳೋದು ಎಲ್ಲಾ ಸುಧಾರಿಸ್ತು. ಎರಡು ವರ್ಷದೊಳಗೆ ಮನೆ ಸಿಕ್ಕೋರಿಗೆ ಹೆಚ್ಚು ಲಾಭ, ಮೆದುಳಿನ ಇಇಜಿ ಅಲೆಗಳಲ್ಲೂ ಆ ವ್ಯತ್ಯಾಸ ಕಾಣಿಸ್ತು. 2004ರಲ್ಲಿ ಆ ದೇಶವೇ ಎರಡು ವರ್ಷದೊಳಗಿನ ಮಗೂನ ಅನಾಥಾಲಯಕ್ಕೆ ಹಾಕಂಗಿಲ್ಲ ಅಂತ ಕಾನೂನು ಮಾಡ್ತು, ತೀರಾ ಅಂಗವೈಕಲ್ಯ ಇರೋರನ್ನ ಬಿಟ್ಟು.

ನಮ್ಮಲ್ಲೂ 2015ರ ಬಾಲನ್ಯಾಯ ಕಾಯ್ದೇಲಿ ಪೋಷಕತ್ವ ಅಂತ ಇದೆ, ಮಗೂನ ದತ್ತು ಅಲ್ಲದೇ ಮನೇಲಿಟ್ಟು ಸಾಕೋದು. ಮಿಷನ್ ವಾತ್ಸಲ್ಯ ಅನ್ನೋ ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೇಲಿ ಒಂಟಿ ತಾಯಿ, ಅಜ್ಜಿ ಹತ್ರ ಇರೋ ಮಗೂಗೆ ತಿಂಗಳಿಗೆ 4000 ರೂಪಾಯಿ ಪ್ರಾಯೋಜಕತ್ವ ಕೊಡ್ತಾರೆ, ಆದಾಯ ಮಿತಿ ಇದೆ. ಬಡತನ ಒಂದೇ ಕಾರಣಕ್ಕೆ ಮಗೂನ ಹಾಸ್ಟೆಲ್ಲಿಗೆ ತಳ್ಳೋ ಮುಂಚೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಕೇಳಿ.

ಹೊಳೆಸಾಲು

ಡಾಕ್ಟ್ರೇ ಇದನ್ನ ಓದಿದ್ರೆ ಎರಡು ವರ್ಷದ ಮೇಲೆ ಎಲ್ಲಾ ಮುಗೀತು ಅಂತ ಅರ್ಥ ಆಗುತ್ತಲ್ಲ? ನಾನು ಹುಟ್ಟಿದ ಮನೆ ಹೇಗಿತ್ತು ಅಂತ ನನಗೇ ಗೊತ್ತು, ಇಲ್ಲಿ ಬರೆಯೋದಿಲ್ಲ. ಬಡವರ ಮಕ್ಕಳು, ಕುಡುಕರ ಮಕ್ಕಳು ಅಂದ್ರೆ ರೌಡಿ ಆಗ್ತಾರೆ ಅಂತ ಮೊದಲೇ ಹಣೆಪಟ್ಟಿ ಕಟ್ಟೋಕೆ ಜನ ಕಾಯ್ತಿರ್ತಾರೆ, ನೀವೂ ಅದಕ್ಕೆ ವಿಜ್ಞಾನ ಕೊಡಬೇಡಿ.

ತುಂಗಾತೀರ

ಒಳ್ಳೇ ಮಾತು ಹೇಳಿದ್ರಿ. ಮುಗೀತು ಅಂತ ಖಂಡಿತ ಅಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನ ಎಮ್ಮಿ ವರ್ನರ್ ಅನ್ನೋರು ನಡುವಯಸ್ಸಿನ ತನಕ ನೋಡಿದ್ರು. ಬಡತನ, ಮನೆ ಜಗಳ, ಕುಡಿತ, ತಾಯಿ ಕಾಯಿಲೆ ಹೀಗೆ ನಾಕಾರು ಕಷ್ಟ ಒಟ್ಟಿಗೆ ಇದ್ದ ಮಕ್ಕಳಲ್ಲೂ ಮೂರರಲ್ಲಿ ಒಂದು ಪಾಲು ಮಕ್ಕಳು ಗಟ್ಟಿಯಾಗಿ, ಬೇರೆಯವರ ಬಗ್ಗೆ ಅಂತಃಕರಣ ಇರೋರಾಗಿ ಬೆಳೆದ್ರು. ಹದಿವಯಸ್ಸಲ್ಲಿ ದಾರಿ ತಪ್ಪಿದ್ದ ಉಳಿದವರಲ್ಲೂ ಸುಮಾರು ಜನ ಮೂವತ್ತು ನಲವತ್ತಕ್ಕೆ ಬರೋ ಹೊತ್ತಿಗೆ ಸರಿಹೋಗಿದ್ರು, ಒಳ್ಳೇ ಸಂಗಾತಿ, ಮತ್ತೆ ಓದೋ ಅವಕಾಶ, ಏನೋ ಒಂದು ಸಿಕ್ಕಿ. ಗಟ್ಟಿಯಾಗಿ ಬೆಳೆದ ಮಕ್ಕಳ ಜೀವನದಲ್ಲಿ ಅಪ್ಪ ಅಮ್ಮ ಅಲ್ಲದಿದ್ರೂ ಅಜ್ಜಿ, ಸೋದರಮಾವ, ಪಕ್ಕದ ಮನೆಯೋರು, ಮೇಷ್ಟ್ರು, ಯಾರೋ ಒಬ್ರು ಕೈ ಬಿಡದೇ ಇದ್ರು. ಬೇಗ ಸಿಕ್ಕಿದ್ರೆ ಸುಲಭ, ತಡವಾದ್ರೆ ಶ್ರಮ ಜಾಸ್ತಿ, ಅಷ್ಟೇ. ಹಣೆಪಟ್ಟಿ ಕಟ್ಟೋರಿಗೆ ಇದನ್ನೇ ಹೇಳಿ.

ಹೊಳೆಸಾಲು

ನನಗೆ ಅದು ಐದನೇ ಕ್ಲಾಸಿನ ಟೀಚರ್. ಥ್ಯಾಂಕ್ಸ್ ಡಾಕ್ಟ್ರೇ.

ಭೀಮಾತೀರ

ಯಾದಗಿರಿ ಕಡೆಯಿಂದ ನಮಸ್ಕಾರ್ರಿ. ನಮ್ಮ ಕಡಿ ದೀಪಾವಳಿ ಮುಗೀತಂದ್ರ ಊರಾಗ ಅರ್ಧ ಮನಿಗೆ ಕೀಲಿ. ಬೆಂಗಳೂರು, ಪುಣೆ, ಹೈದರಾಬಾದ್ ಅಂತ ಗುಳೆ ಹೊಕ್ಕಾರ. ಮೊಲಿ ಕುಡಿಯೋ ಕೂಸು ಇದ್ರ ಕಟಗೊಂಡ ಹೊಕ್ಕಾರ, ನಡಿಯಾಕ ಬರೋವು ಮುದುಕಿ ಹತ್ರ ಉಳೀತಾವ. ಬೆಂಗಳೂರಾಗ ನೋಡೀನ್ರಿ, ಹತ್ತು ಹನ್ನೆರಡು ಅಂತಸ್ತಿನ ಬಿಲ್ಡಿಂಗ್ ಕೆಳಗ ಉಸುಕಿನ ಗುಂಪಿ ಮ್ಯಾಲ ಎರಡು ವರ್ಷದ ಕೂಸು ಕುಂತಿರ್ತದ, ಅದನ್ನ ನೋಡ್ಕೊಳ್ಳಾಕ ಆರು ವರ್ಷದ ಅಕ್ಕ. ಆ ಅಕ್ಕನ ಸಾಲಿ ಹೋತು, ಈ ಕೂಸಿಂದೂ ಹೋತು. ಐವತ್ತಕ್ಕಿಂತ ಜಾಸ್ತಿ ಹೆಣ್ಮಕ್ಕಳು ಕೆಲಸ ಮಾಡೋ ಕಟ್ಟಡದಾಗ ಕೂಸುಗಳಿಗೆ ಕೋಣಿ ಇರಬೇಕಂತ 1996ರ ಕಾಯ್ದೆದಾಗ ಬರದಿತ್ತು. ಗುತ್ತಿಗಿದಾರ ಏನ ಮಾಡ್ತಾನ, ಹೆಣ್ಮಕ್ಕಳ ಹೆಸರನ ಹಾಜರಿ ಬುಕ್ಕಿನಾಗ ಬರಿಯಂಗಿಲ್ಲ, ಗಂಡನ ಹೆಸರಾಗ ಜೋಡಿ ಕೂಲಿ.

ದಿಲ್ಲಿ ಒಳಗ ಮೀರಾ ಮಹಾದೇವನ್ ಅನ್ನೋ ತಾಯಿ 1969ದಾಗ ರಾಜಘಾಟ್ ಹತ್ರ ಕಟ್ಟಡ ನಡಿಯೋ ಜಾಗಾದಾಗ ಒಂದು ಟೆಂಟ್ ಹಾಕಿ ಇಂಥಾ ಕೂಸುಗಳನ್ನ ನೋಡ್ಕೊಳ್ಳಾಕ ಚಾಲೂ ಮಾಡಿದ್ರು, ಅದs ಮೊಬೈಲ್ ಕ್ರೆಶಸ್ ಆತು. ಕೆಲಸ ಎಲ್ಲಿ ಹೊಕ್ಕದೋ ಕೂಸಿನ ಮನಿನೂ ಅಲ್ಲಿಗೆ ಹೋಗಬೇಕು, ಇದರಾಗ ಏನ್ ದೊಡ್ಡ ವಿಚಾರ ಐತ್ರಿ.

ಎಣ್ಣೆಗಾಯಿ

ನಮ್ಮ ಪಂಚಾಯ್ತೀಲಿ ಕೂಸಿನ ಮನೆ ಅಂತ ನರೇಗಾ ಕೂಲಿ ಮಾಡೋರ ಮಕ್ಕಳಿಗೆ ಮಾಡಿದಾರೆ, ಮೂರು ವರ್ಷದೊಳಗಿನವು. ಊರಿನ ಹೆಂಗಸರಿಗೇ ಟ್ರೈನಿಂಗ್ ಕೊಟ್ಟು ನೋಡ್ಕೊಳ್ಳೋಕೆ ಹಾಕಿದಾರೆ. ಚೆನ್ನಾಗಿದೆ, ಆದ್ರೆ ನರೇಗಾ ಕೆಲಸ ಇಲ್ಲದ ತಿಂಗಳು ಮಕ್ಕಳು ಬರೋದು ಕಮ್ಮಿ. ಕಬ್ಬು ಕಡಿಯೋಕೆ, ಕಾಫಿ ತೋಟಕ್ಕೆ ಹೋಗೋರ ಮಕ್ಕಳಿಗೂ ತೆರೆದಿಟ್ರೆ ವರ್ಷಪೂರ್ತಿ ತುಂಬಿರುತ್ತೆ.

ಬಯಲುನೋಟ

ವಿಷಯಾಂತರ ಅಲ್ಲ ಅಂದ್ಕೊಂಡು ಹೇಳ್ತೀನಿ. ಅಕ್ಕ ಬೀದಿ ಜಗಳ ಕಡಿಮೆ ಆಯ್ತು ಅಂದ್ರಲ್ಲ, ಅದು ಒಂದು. ಊರು ಊರಿನ ಮಧ್ಯೆ, ಕೇರಿ ಕೇರಿ ಮಧ್ಯೆ ನೆಮ್ಮದಿ ಇರೋದು ಇನ್ನೊಂದು. ಅದೂ ಶುರುವಾಗೋದು ಅದೇ ವಯಸ್ಸಲ್ಲಿ. ಉತ್ತರ ಐರ್ಲೆಂಡಲ್ಲಿ ಕ್ಯಾಥೋಲಿಕ್ ಪ್ರೊಟೆಸ್ಟೆಂಟ್ ಅಂತ ಮೂವತ್ತು ವರ್ಷ ಹೊಡೆದಾಡಿ 1998ರಲ್ಲಿ ಒಪ್ಪಂದ ಆಯ್ತು. ಆಮೇಲೆ ಪಾಲ್ ಕಾನಲಿ ಅನ್ನೋ ಸಂಶೋಧಕರು 3ರಿಂದ 6 ವರ್ಷದ ಮಕ್ಕಳಿಗೆ ಬಾವುಟ, ಜರ್ಸಿ, ಮೆರವಣಿಗೆ ಚಿತ್ರ ತೋರಿಸಿ ಮಾತಾಡಿಸಿದ್ರು. ಮೂರು ವರ್ಷದ ಮಕ್ಕಳಿಗೇ ನಮ್ಮ ಬಾವುಟ ಯಾವುದು ಅಂತ ಒಲವು ಇತ್ತು, ಆರು ವರ್ಷಕ್ಕೆ ಬಂದಾಗ ಮೂರರಲ್ಲಿ ಒಬ್ರು ನಾವು ಇಂಥೋರು ಅಂತ ಗುರುತಿಸ್ಕೊಳ್ತಿದ್ರು, ಇನ್ನೊಂದು ಗುಂಪಿನ ಬಗ್ಗೆ ಕೆಟ್ಟ ಮಾತಾಡೋರೂ ಇದ್ರು. ದೊಡ್ಡೋರು ಸಹಿ ಹಾಕಿದ್ರು, ಮಕ್ಕಳಿಗೆ ಅದು ತಲುಪೇ ಇರ್ಲಿಲ್ಲ. ಅದನ್ನ ನೋಡಿ ಅಲ್ಲಿನ ಶಿಶುವಿಹಾರಗಳಲ್ಲಿ ಕಾರ್ಟೂನು, ಬೊಂಬೆ ಇಟ್ಕೊಂಡು ಬೇರೆ ಥರ ಇರೋರನ್ನ ಸೇರಿಸ್ಕೊಳ್ಳೋದು ಹೇಗೆ ಅಂತ ಕಲಿಸೋ ಕೆಲಸ ಮಾಡಿದ್ರು.

ನಮ್ಮಲ್ಲಿ ಬಾವುಟ ಬೇಕಿಲ್ಲ. ಅಂಗನವಾಡೀಲಿ ಅಡುಗೆ ಮಾಡೋ ಸಹಾಯಕಿ ಯಾವ ಜಾತಿ ಅಂತ ಕೇಳ್ಕೊಂಡು ಮಗೂನ ಕಳಿಸೋದೇ ಬಿಟ್ಟ ಮನೆಗಳು ಇವತ್ತಿಗೂ ಇವೆ. ಮೂರು ವರ್ಷದ ಮಗು ಆ ದಿನ ಏನು ಕಲೀತು? ಯಾರ ಕೈ ತುತ್ತು ತಿನ್ನಬಾರದು ಅನ್ನೋದನ್ನ. ಅದೇ ಮಗು ಆ ಕೈಯಿಂದ ದಿನಾ ಉಂಡು, ಅವರ ತೊಡೆ ಮೇಲೆ ಮಲಗಿ ಬೆಳೆದಿದ್ರೆ ಇಪ್ಪತ್ತು ವರ್ಷ ಆದ್ಮೇಲೆ ಆ ಕೇರಿಗೆ ಕಲ್ಲು ಹೊಡೆಯೋಕೆ ಕೈ ಏಳೋದು ಕಷ್ಟ ಅಂತ ನಾನು ನಂಬ್ತೀನಿ.

ಅಂಗಳದಕ್ಕ

ಇದು ನೂರಕ್ಕೆ ನೂರು ನಿಜ, ನಾನು ಹೇಳೋಕೆ ಹಿಂಜರೀತಿದ್ದೆ. ಬೇವಿನ ಮರದ ಹತ್ರ ಆ ಹುಡುಗನ್ನ ಎತ್ಕೊಂಡು ನಿಲ್ತಿದ್ದ ನಮ್ಮ ಸಹಾಯಕಿ ಕೈ ಅಡುಗೇನ ಮೊದಮೊದ್ಲು ಬೇಡ ಅಂದೋರು ಇದ್ರು. ನಾನು ದಿನಾ ಮಕ್ಕಳ ಸಾಲಲ್ಲೇ ಕೂತು ಅದೇ ಊಟ ಮಾಡ್ದೆ, ಇನ್ನೇನೂ ಭಾಷಣ ಮಾಡ್ಲಿಲ್ಲ. ಈಗ ಒಂದು ಮನೆ ಬಿಟ್ರೆ ಎಲ್ರೂ ಕಳಿಸ್ತಾರೆ.

ಕೆಂಗೇರಿ_ಲೈನ್

ಅಕ್ಕ, ಈ ಮನೆ ಮನೆಗೆ ಹೋಗಿ ಆಡಿಸೋದು ನಮ್ಮ ದೇಶದಲ್ಲಿ ಎಲ್ಲಾದ್ರೂ ಆಗಿದ್ಯಾ? ಇಲ್ಲಾ ಅಂದ್ರೆ ಆ ದೇಶ ಬೇರೆ ಈ ದೇಶ ಬೇರೆ ಅಂತಾರೆ.

ತುಂಗಾತೀರ

ಆಗಿದೆ. ಒಡಿಶಾದ ಕಟಕ್ ಊರಿನ ಸ್ಲಮ್ಮುಗಳಲ್ಲಿ ಇದೇ ಜಮೈಕಾ ಪಾಠಾನ ಅಲ್ಲಿನ ಭಾಷೆ, ಅಲ್ಲಿನ ಆಟಕ್ಕೆ ಹೊಂದಿಸಿ ಮಾಡಿದ್ರು. 10ರಿಂದ 20 ತಿಂಗಳ 421 ಮಕ್ಕಳು ಇದ್ರು, ಅದ್ರಲ್ಲಿ ಅರ್ಧ ಮಕ್ಕಳ ಮನೆಗೆ ಒಂದೂವರೆ ವರ್ಷ ವಾರಕ್ಕೊಂದು ಭೇಟಿ. ಹೋಗ್ತಿದ್ದಿದ್ದು ಅದೇ ಏರಿಯಾದ ಹೆಂಗಸರು, ದೊಡ್ಡ ಡಿಗ್ರಿ ಏನಿಲ್ಲ. ಮಕ್ಕಳ ಬುದ್ಧಿ ಬೆಳವಣಿಗೇಲಿ ಸ್ಪಷ್ಟ ಲಾಭ ಕಂಡಿದೆ. ಕೇಂದ್ರ ಸರ್ಕಾರಾನೂ 2024ರಲ್ಲಿ ನವಚೇತನ ಅಂತ ಹುಟ್ಟಿದಾಗಿಂದ ಮೂರು ವರ್ಷದ ತನಕ ಏನೇನು ಆಡಿಸಬೇಕು ಅನ್ನೋ ಚೌಕಟ್ಟು ತಂದಿದೆ, ಕಾಗದದ ಮೇಲೆ ಚೆನ್ನಾಗೇ ಇದೆ. ಆದ್ರೆ ಅದನ್ನ ಮಾಡೋಕೆ ಜನ ಬೇಕು. ಇರೋ ಒಬ್ಬ ಟೀಚರ್‌ಗೆ ಶಾಲಾಪೂರ್ವ ಪಾಠ, ಸರ್ವೆ, ಆ್ಯಪು, ಲಸಿಕೆ ದಿನ, ಎಲೆಕ್ಷನ್ ಕೆಲಸ ಎಲ್ಲಾ ಹೇರಿ ಈಗ ಮನೆ ಭೇಟೀನೂ ಮಾಡು ಅಂದ್ರೆ ಆಗಲ್ಲ. ಸೆಂಟರಿಗೆ ಎರಡನೇ ಕಾರ್ಯಕರ್ತೆ ಬೇಕು, ಸಣ್ಣ ಮಕ್ಕಳಿಗೆ ಅಂತಲೇ.

ಅಂಗಳದಕ್ಕ

ಡಾಕ್ಟ್ರು ನಮ್ಮ ಯೂನಿಯನ್ ಮಾತಾಡಿದ ಹಾಗೇ ಮಾತಾಡಿದ್ರು. ಎರಡನೇ ಕಾರ್ಯಕರ್ತೆ, ಇದೇ ನಮ್ಮ ಬೇಡಿಕೆ, ಗೌರವಧನ ಅಲ್ಲ ಸಂಬಳ ಕೊಟ್ಟು.

ಭೀಮಾತೀರ

ಅಕ್ಕಾರ, ನಮ್ಮ ಊರಾಗ ಕೂಸಿನ ಮನಿ ಇಲ್ರಿ. ಯಾರನ್ನ ಕೇಳಬೇಕು? ಮತ್ತ ಆ ಆಟದ ಸಾಮಾನು ಮನ್ಯಾಗ ಹ್ಯಾಂಗ ಮಾಡೋದು, ನಮ್ಮವ್ವಗ ಹೇಳ್ತೀನಿ, ಆಕಿ ಹತ್ರ ಎರಡು ಮೊಮ್ಮಕ್ಕಳು ಅದಾವ.

ಅಂಗಳದಕ್ಕ

ಪಂಚಾಯ್ತಿ ಪಿಡಿಒಗೆ ಅರ್ಜಿ ಕೊಡಿ ಅಣ್ಣ, ಮೂರು ವರ್ಷದೊಳಗಿನ ಮಕ್ಕಳು ಎಷ್ಟಿದಾವೆ, ತಾಯಂದ್ರ ಜಾಬ್ ಕಾರ್ಡ್ ನಂಬರ್ ಏನು ಅಂತ ಪಟ್ಟಿ ಮಾಡಿ ಲಗತ್ತಿಸಿ, ಗ್ರಾಮಸಭೇಲಿ ಎದ್ದು ಹೇಳಿ ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಲ್ಲಿ ಹೇಳಿದ್ರೆ ನಿಲ್ಲಲ್ಲ. ಹೆಂಗಸರು ಗುಂಪಾಗಿ ಹೋದ್ರೆ ಇನ್ನೂ ಒಳ್ಳೇದು, ಸ್ವಸಹಾಯ ಸಂಘದೋರನ್ನ ಕರ್ಕೊಂಡು ಹೋಗಿ.

ಅವ್ವನಿಗೆ ಹೇಳಿ, ಖಾಲಿ ನೀರಿನ ಬಾಟ್ಲಿಗೆ ಒಂದು ಹಿಡಿ ಜೋಳ ಹಾಕಿ ಮುಚ್ಚಳ ಫೆವಿಕ್ವಿಕ್ ಹಾಕಿ ಭದ್ರ ಮಾಡಿದ್ರೆ ಗಿಲಕಿ ಆಯ್ತು. ಬೆಂಕಿಪೊಟ್ಟಣದ ಖಾಲಿ ಡಬ್ಬ ಒಂದರ ಮೇಲೊಂದು ಪೇರಿಸೋದು, ಬೀಳಿಸೋದು. ಹಳೇ ಸೀರೆ ತುಂಡು ಡಬ್ಬದೊಳಗೆ ತುರುಕಿ ಎಳೆಸೋದು. ಎಳೆಯುವಾಗ ಬಂತು ಬಂತು ಅಂತ ಮಾತಾಡ್ತಾ ಇರಬೇಕು, ಮಗು ಏನೇ ಸದ್ದು ಮಾಡಿದ್ರೂ ತಿರುಗಿ ಉತ್ತರ ಕೊಡಬೇಕು, ಅದು ಮುಖ್ಯ, ಸಾಮಾನು ಆಮೇಲೆ. ಬಳಪ, ಗುಂಡಿ, ಬಾಟ್ಲಿ ಮುಚ್ಚಳ ಮಾತ್ರ ಕೈಗೆ ಕೊಡಬೇಡಿ, ನುಂಗಿಬಿಡ್ತಾವೆ.